ಭಾನುವಾರ ಬೆಳಿಗ್ಗೆ ಗುಡಿ ಕಟ್ಟೆಗೆ ಬನ್ನಿ

ಎಲ್ಲಾ ಅಣ್ಣಾರಿಗೂ ಅಕ್ಕಾರಿಗೂ ನಮಸ್ಕಾರ್ರೀ. ಭಾನುವಾರ ಬೆಳಿಗ್ಗೆ 10ಕ್ಕೆ ಹನುಮಪ್ಪನ ಗುಡಿ ಕಟ್ಟೆಯಲ್ಲಿ ಸೇರುತ್ತೇವೆ. ಬಿಪಿ, ಶುಗರ್ ನೋಡಲು ನರ್ಸ್ ಅಕ್ಕ ಬರುತ್ತಾರೆ.

ಹೋದ ಸಲ ಒಬ್ಬರು ಕೇಳಿದ್ದರು: ಸಿಗರೇಟು ಪ್ಯಾಕೆಟ್ ಮೇಲೆ ಅಷ್ಟು ದೊಡ್ಡ ಚಿತ್ರ ಯಾಕೆ, ದಿಲ್ಲಿಯವರ ಹಟಾನಾ? ಬರೀ ದಿಲ್ಲಿಯದಲ್ಲ. 2003ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ತಂಬಾಕು ತಡೆಯಲು ದೇಶದೇಶಗಳ ಒಪ್ಪಂದವಾಯಿತು. ಭಾರತ 2004ರಲ್ಲೇ ಸೇರಿತು. ಈಗ 180ಕ್ಕೂ ಹೆಚ್ಚು ದೇಶಗಳಿವೆ. ಪ್ಯಾಕೆಟ್ಟಿನ ಅರ್ಧಕ್ಕಿಂತ ಕಡಿಮೆ ಇಲ್ಲದಂತೆ ಎಚ್ಚರಿಕೆ ಇರಲಿ ಎಂದು ಒಪ್ಪಂದ ಹೇಳುತ್ತದೆ. ನಮ್ಮಲ್ಲಿ 2016ರಿಂದ ಶೇ. 85. ಒಪ್ಪಂದ ಕೇಳಿದ್ದಕ್ಕಿಂತ ನಾವೇ ಮುಂದೆ, ಅಲ್ವಾ!

ನಿಪ್ಪಾಣಿಯವರಾದ ನಮಗೆ ಬೇಕಾದ ಮಾತು ಆ ಒಪ್ಪಂದದ 17ನೇ ಕಲಮಿನಲ್ಲಿದೆ. ತಂಬಾಕು ಬೆಳೆಯುವವರಿಗೆ, ಆ ಕೆಲಸದಲ್ಲಿರುವವರಿಗೆ ಬೇರೆ ದುಡಿಮೆ ಹುಡುಕಲು ದೇಶಗಳು ಕೈಜೋಡಿಸಬೇಕಂತೆ. ಹೊಲದಲ್ಲಿ ತಂಬಾಕು, ಮನೆಯಲ್ಲಿ ಬೀಡಿ ಸುತ್ತುವ ಕೆಲಸ. ಸುಮ್ನೆ ಬಿಡಿ ಅಂದರೆ ಒಲೆ ಹೊತ್ತುತ್ತದೆಯೇ? ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದೇ. ಬೇರೆ ಬೆಳೆ ಹಾಕಿ ನೋಡಿದವರು ಬಂದು ಲಾಭ, ನಷ್ಟ ಎರಡೂ ಹೇಳಿ.

ಹಾಗೆಯೇ ಹಲ್ಲಿಗೆ ಮಿಶ್ರಿ ತಿಕ್ಕುವ ಅಕ್ಕಂದಿರಿಗೆ ಒಂದು ಮಾತು. ಅದೂ ತಂಬಾಕೇ, ಹುರಿದು ಪುಡಿ ಮಾಡಿದ್ದು. ಹೊಗೆ ಇಲ್ಲ ಎಂದು ಬಾಯಿ ಕ್ಯಾನ್ಸರ್ ಬಿಡುವುದಿಲ್ಲ. ಬೀಡಿ, ಸಿಗರೇಟಿನಿಂದ ಹೃದಯಾಘಾತ, ಲಕ್ವದ ಅಪಾಯವೂ ಜಾಸ್ತಿ. ಬಿಡಬೇಕೆನ್ನುವವರು 1800-11-2356ಕ್ಕೆ ಫೋನ್ ಮಾಡಿ, ಸರಕಾರದ್ದು, ಪುಕ್ಕಟೆ.

ಚಹಾ ಇರುತ್ತದೆ. ಗುಟ್ಕಾ ಚೀಟು ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ, ಕಟ್ಟೆ ತೊಳೆಯುವವಳು ನಾನೇ.