ಬಿಲ್ಬೊನ ಬೆನ್ನು ಬಿಡದಿದ್ದರೆ

ಪ್ರೀತಿಯ ಗೆಳೆಯ,

ನಿನ್ನ ಒತ್ತಾಯಕ್ಕೆ 'ಹಾಬಿಟ್' ಸಿನಿಮಾ ಮೂರೂ ಭಾಗ ಮತ್ತೆ ನೋಡಿದೆ. ಹತ್ತಿರ ಹತ್ತಿರ ಎಂಟು ಗಂಟೆ. ಉದ್ದವನ್ನು ಹೇಗೋ ಸಹಿಸಿಕೊಂಡೆ ಕಣೋ. ಅಷ್ಟು ಹೊತ್ತಿನಲ್ಲಿ ಹಾಬಿಟ್, ಅಂದರೆ ಆ ಪುಟ್ಟ ಜನಾಂಗದ ನಮ್ಮ ಕಥಾನಾಯಕ ಬಿಲ್ಬೊ, ಎಲ್ಲಿದ್ದಾನೆ ಅಂತ ಹುಡುಕುವ ಹಾಗಾಯ್ತಲ್ಲ, ಅದೇ ಸಂಕಟ.

1937ರಲ್ಲಿ ಮಕ್ಕಳಿಗಾಗಿ ಬಂದ ಟೋಲ್ಕಿನ್ ಪುಸ್ತಕ ಅದು, ಮುನ್ನೂರು ಪುಟದ ಆಸುಪಾಸು. ಸ್ಮಾಗ್ ಅನ್ನೋ ಡ್ರ್ಯಾಗನ್ ಕಸಿದ ನಿಧಿಯನ್ನು ಮರಳಿ ಪಡೆಯಲು ಹದಿಮೂರು ಕುಳ್ಳರ ಜೊತೆ ಬಿಲ್ಬೊ ಹೊರಡುವ ಕಥೆ. ಮೊದಲು ಎರಡೇ ಸಿನಿಮಾ ಅಂದಿದ್ದರು. 2012ರ ಜುಲೈಯಲ್ಲಿ, ಮೊದಲ ಭಾಗ ಬಿಡುಗಡೆಯಾಗಲು ಕೆಲವೇ ತಿಂಗಳಿರುವಾಗ, ನಿರ್ದೇಶಕ ಪೀಟರ್ ಜಾಕ್ಸನ್ ಮೂರು ಅಂದರು. ಇಬ್ಬರಿಗೆ ಅಳೆದ ಬಟ್ಟೆಯಲ್ಲಿ ಮೂವರಿಗೆ ಹೊಲಿಯಹೊರಟರೆ ತೇಪೆ ಹಾಕದೆ ಇನ್ನೇನು ಮಾಡ್ತಾರೆ? ಪುಸ್ತಕದಲ್ಲಿ ಇಲ್ಲವೇ ಇಲ್ಲದ ಎಲ್ಫ್ ಕುಲದ ಯೋಧೆ ಟಾರಿಯೆಲ್, ಅವಳಿಗೊಂದು ಪ್ರೇಮ, ಆ ಕಥೆಯಲ್ಲಿ ಎಲ್ಲೂ ಸುಳಿಯದ ಎಲ್ಫ್ ಬಿಲ್ಲುಗಾರ ಲೆಗೊಲಾಸ್, ಹೆಸರಷ್ಟೇ ಬಂದುಹೋಗುವ ಅಜಾಗ್ ಇಲ್ಲಿ ಓರ್ಕ್ ಅನ್ನೋ ದುಷ್ಟ ಜೀವಿಗಳ ನಾಯಕನಾಗಿ ಹಟಕ್ಕೆ ಬಿದ್ದು ಬೆನ್ನಟ್ಟುವುದು.

ಬದಲಾಯಿಸಿದ್ದೇ ತಪ್ಪು ಅನ್ನೋ ಪೈಕಿ ನಾನಲ್ಲ. ಟೋಲ್ಕಿನ್ ತಾವೇ ಬದಲಾಯಿಸಿದ್ದರು. ಮೊದಲ ಆವೃತ್ತಿಯಲ್ಲಿ, ಗುಹೆಯಲ್ಲಿ ಬಿಲ್ಬೊಗೆ ಎದುರಾಗುವ ಗೊಲ್ಲಮ್ ಒಗಟಿನ ಪಂದ್ಯಕ್ಕೆ ತನ್ನ ಮಾಯದ ಉಂಗುರವನ್ನೇ ಬಹುಮಾನವಾಗಿ ಒಡ್ಡಿ, ಸೋತ ಮೇಲೆ ಸಮಾಧಾನದಿಂದಲೇ ದಾರಿ ತೋರಿಸಿ ಕಳಿಸುತ್ತಾನೆ. ಮುಂದಿನ ದೊಡ್ಡ ಕಥೆ 'ಲಾರ್ಡ್ ಆಫ್ ದ ರಿಂಗ್ಸ್'ಗೆ ಅದು ಹೊಂದಲಿಲ್ಲ. 1951ರ ಆವೃತ್ತಿಯಲ್ಲಿ ಆ ಅಧ್ಯಾಯ ತಿದ್ದಿದ ರೂಪದಲ್ಲಿ ಬಂತು. ಕೊಲ್ಲಬಹುದಾಗಿದ್ದ ಗಳಿಗೆಯಲ್ಲಿ ಬಿಲ್ಬೊ ಗೊಲ್ಲಮ್‌ನ ಮೇಲೆ ಕನಿಕರಪಡುವುದು ಆ ತಿದ್ದುಪಡಿಯಲ್ಲೇ. ಅದರಿಂದ ಅವನು ಬೆಳೆದ. ಸಿನಿಮಾದವರ ತಿದ್ದುಪಡಿಗಳಿಂದ ಮೂಲೆಗೆ ಸರಿದ.

ಹಾಗಂತ ಅವರಿಗೆ ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ. ಚಿತ್ರೀಕರಣ ಶುರುವಾದದ್ದೇ ಆ ಒಗಟಿನ ದೃಶ್ಯದಿಂದ. ಒಂದು ಗುಹೆ, ಇಬ್ಬರು, ಬರೀ ಮಾತು. ಬಿಲ್ಬೊ ಆಗಿ ಮಾರ್ಟಿನ್ ಫ್ರೀಮನ್, ಗೊಲ್ಲಮ್ ಆಗಿ ಆಂಡಿ ಸರ್ಕಿಸ್ ಎದುರುಬದುರು ಕೂತಾಗ ನಾನು ಉಸಿರು ಬಿಗಿಹಿಡಿದಿದ್ದೆ. ಆಮೇಲೆ ಪೀಪಾಯಿಗಳ ದೃಶ್ಯ ನೋಡು. ಪುಸ್ತಕದಲ್ಲಿ ಬಿಲ್ಬೊ ಹದಿಮೂರು ಕುಳ್ಳರನ್ನು ಎಲ್ಫ್‌ಗಳ ಸೆರೆಯಿಂದ ಪಾರು ಮಾಡಲು ಕದ್ದುಮುಚ್ಚಿ ಪೀಪಾಯಿಗಳಲ್ಲಿ ತುಂಬಿಸಿ, ಕೊನೆಗೆ ತನಗೇ ಜಾಗವಿಲ್ಲದೆ ಹೊರಗೆ ಅಂಟಿಕೊಂಡು ತೊಯ್ದು ತೊಪ್ಪೆಯಾಗಿ ನೆಗಡಿ ಹಿಡಿಸಿಕೊಳ್ತಾನೆ. ಸಿನಿಮಾದಲ್ಲೂ ಅವನು ತೇಲುತ್ತಾ ಇರ್ತಾನೆ, ಆದರೆ ದಡದಲ್ಲಿ ಓರ್ಕ್‌ಗಳು, ಕುಳ್ಳರ ತಲೆಯ ಮೇಲೆ ನಿಂತು ಬಾಣ ಬಿಡುವ ಲೆಗೊಲಾಸ್. ಇವನ ಕಡೆ ನೋಡೋಕೆ ಪುರುಸೊತ್ತೆಲ್ಲಿ?

ನನ್ನ ಕೈಗೆ ಕೊಟ್ಟಿದ್ದರೆ ಒಂದೇ ಸಿನಿಮಾ, ಮೂರು ಗಂಟೆ. ಕ್ಯಾಮೆರಾ ಬಿಲ್ಬೊನ ಬೆನ್ನು ಬಿಡಬಾರದು. ಸ್ಮಾಗ್ ಸಾಯುವ ಭಾಗ ಬಿಟ್ಟರೆ ಪುಸ್ತಕವೂ ಹೆಚ್ಚುಕಡಿಮೆ ಹಾಗೇ ಇದೆ. ಕೊನೆಯ ಯುದ್ಧದಲ್ಲಿ ತಲೆಗೆ ಕಲ್ಲು ಬಡಿದು ಅವನು ಬೀಳ್ತಾನಲ್ಲ, ಆಗ ತೆರೆ ಪೂರ್ತಿ ಕತ್ತಲಾಗಬೇಕು. ಕಣ್ಣು ಬಿಟ್ಟಾಗ ಎಲ್ಲ ಮುಗಿದಿರಬೇಕು, ಚಳಿ, ನಿಶ್ಶಬ್ದ. ಗೆದ್ದವರು ಯಾರು ಅಂತ ಅವನಿಗೂ ಗೊತ್ತಿಲ್ಲ, ನಮಗೂ. (ನಿರ್ಮಾಪಕರು ನನ್ನನ್ನು ಅಲ್ಲೇ ಹೊರಗಟ್ಟುತ್ತಾರೆ, ಇರಲಿ.)

ಉಳಿಸಿದ ಸಮಯವನ್ನೆಲ್ಲ, ಕುಳ್ಳರ ನಾಯಕನಿಗೆ ಎಲ್ಲಕ್ಕಿಂತ ಅಮೂಲ್ಯವಾದ ಆರ್ಕೆನ್‌ಸ್ಟೋನ್ ರತ್ನದ ರಾತ್ರಿಗೆ ಕೊಡ್ತೀನಿ. ಬೊಂಬೂರ ಅನ್ನೋ ಕುಳ್ಳನ ಕಾವಲಿನ ಪಾಳಿಯನ್ನು ಬಿಲ್ಬೊ ತಾನು ವಹಿಸಿಕೊಂಡು, ನಡುರಾತ್ರಿ ಎಬ್ಬಿಸ್ತೀನಿ ಅಂತ ಹೇಳಿ, ಹಗ್ಗ ಇಳಿದು ಹೋಗಿ, ಯುದ್ಧ ತಪ್ಪಲಿ ಅಂತ ಆ ರತ್ನವನ್ನು ಎದುರು ಪಾಳಯಕ್ಕೆ ಒಪ್ಪಿಸ್ತಾನೆ. ಅಲ್ಲೇ ಉಳಿದರೆ ಜೀವ ಉಳಿಯುತ್ತೆ. ಆದರೂ ವಾಪಸ್ ಬಂದು, ಮಾತು ಕೊಟ್ಟಂತೆ ಬೊಂಬೂರನನ್ನು ಎಬ್ಬಿಸ್ತಾನೆ! ಡ್ರ್ಯಾಗನ್ ಮುಂದೆ ನಿಂತದ್ದಕ್ಕಿಂತ ದೊಡ್ಡ ಧೈರ್ಯ ನನಗೆ ಇದೇ ಅನ್ನಿಸುತ್ತೆ. ಅವನು ಆ ಹಗ್ಗ ಹತ್ತುವುದನ್ನೇ ಪೂರ್ತಿ ತೋರಿಸ್ತಿದ್ದೆ, ಸಂಗೀತವೂ ಇಲ್ಲದೆ.

2015ರಲ್ಲಿ ಒಬ್ಬ ಅಭಿಮಾನಿ ಮೂರನ್ನೂ ಕತ್ತರಿಸಿ ಸುಮಾರು ನಾಲ್ಕು ಗಂಟೆಯ ಒಂದೇ ಸಿನಿಮಾ ಮಾಡಿದ್ದರು. ಆದರೆ ಶೂಟ್ ಮಾಡದೇ ಬಿಟ್ಟದ್ದನ್ನು ಕತ್ತರಿಯಿಂದ ತರೋಕಾಗುತ್ತಾ?

ನಿನ್ನ ಮೂರು ಗಂಟೆಯಲ್ಲಿ ಟಾರಿಯೆಲ್ ಉಳೀತಾಳೆ ಅಂತ ನನಗೆ ಗೊತ್ತು. ಯಾಕೆ ಅಂತ ಬರೆದು ಕಳಿಸು, ಜಗಳ ಆಡೋಣ.

ಇಂತಿ ನಿನ್ನ ಗೆಳೆಯ