ಡಿಕೋಡರ್ ಇಲ್ಲದ ಎಂಜಿನ್, 120 ವೋಲ್ಟಿನ ಅಡಾಪ್ಟರ್: ಬದಲಿಸಿಕೊಡಿ

ಗೆ,
ಮಾಲೀಕರು,
ಮಾಡೆಲ್ ರೈಲು ಮಾರಾಟ ಮಳಿಗೆ, ಮುಂಬೈ

ವಿಷಯ: ಎಚ್‌ಒ ಸ್ಕೇಲಿನ (ನಿಜ ರೈಲಿನ 87ನೇ ಒಂದು ಅಳತೆಯ) ಎರಡು ಎಂಜಿನ್, ತಿರುವಿನ ಹಳಿ ಮತ್ತು ಪವರ್ ಅಡಾಪ್ಟರ್ ಬಗ್ಗೆ ದೂರು

ಮಾನ್ಯರೇ,

ನಮಸ್ಕಾರ. ಫೋನಿನಲ್ಲಿ ನೀವು ಕನ್ನಡದಲ್ಲೇ ಮಾತಾಡಿದ್ದಿರಿ, ಹಾಗಾಗಿ ಪತ್ರವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿಮ್ಮ ವೆಬ್‌ಸೈಟಿನಿಂದ ತರಿಸಿದ ಸಾಮಾನು ನಾನು ಕೇಳಿದ್ದಲ್ಲ. ಬದಲಿಸಿಕೊಡಿ ಎಂದಿದ್ದಕ್ಕೆ "ಎಂಜಿನ್ ಬಿಚ್ಚಿದ್ದೀರಿ, ವಾಪಸ್ ತಗೊಳ್ಳೋದಿಲ್ಲ" ಅಂತ ವಾಟ್ಸಾಪಿನಲ್ಲಿ ಒಂದು ಸಾಲಿನ ಉತ್ತರ ಬಂತು. ಅದನ್ನು ನಾನು ಒಪ್ಪುವುದಿಲ್ಲ.

ನನಗೇನು ಬೇಕು ಅನ್ನೋದನ್ನು ದುಡ್ಡು ಕಟ್ಟುವ ಮೊದಲೇ ಬರೆದು ತಿಳಿಸಿದ್ದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಹತ್ತಿರ ಒಂದು ಸಣ್ಣ ಲೇಔಟ್, ಅಂದರೆ ಹಲಗೆ ಮೇಲೆ ಹಾಸಿದ ಪುಟಾಣಿ ರೈಲುದಾರಿ, ಇತ್ತು. ಗುಂಡಿ ತಿರುಗಿಸಿದರೆ ಹಳಿಗೆ 12 ವೋಲ್ಟಿನವರೆಗೆ ಡಿಸಿ ಕರೆಂಟು ಬರುತ್ತಿತ್ತು, ರೈಲು ಓಡುತ್ತಿತ್ತು. ಸಂಸಾರ, ಲೋಕಲ್ ಟ್ರೈನಿನ ಓಡಾಟ ಅಂತ ಅದು ಅಟ್ಟ ಸೇರಿತು. ಈಗ ರಿಟೈರ್ ಆಗಿದ್ದೇನೆ. ಪುಣೆಯ ಕೊಥ್ರೂಡಿನಲ್ಲಿರುವ ಜೋಶಿಯವರ ಪುಟಾಣಿ ರೈಲ್ವೆ ಮ್ಯೂಸಿಯಂ ನೋಡಿ ಬಂದ ಮೇಲೆ ಹಳೇ ಆಸೆ ಮತ್ತೆ ಚಿಗುರಿತು.

ಈ ಸಲ ಕಟ್ಟುತ್ತಿರುವುದು ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂಗೆ ಇಳಿಯುವ ಘಾಟಿ. ನಾನು ಹುಬ್ಬಳ್ಳಿಯವನು, ಆ ದಾರಿಯ ಮೇಲೆ ನನಗೆ ಮೊದಲಿನಿಂದಲೂ ಮೋಹ. ಅಲ್ಲಿ 37 ಅಡಿಗೆ 1 ಅಡಿ ಏರು. ಗಾಡಿ ಹತ್ತಬೇಕಾದರೆ ಹಿಂದಿನಿಂದ ಬ್ಯಾಂಕರ್ ಎಂಜಿನ್ ತಳ್ಳಬೇಕು. ಹಳೇ ಡಿಸಿ ಪದ್ಧತಿಯಲ್ಲಿ ಒಂದೇ ಹಳಿಯ ಮೇಲಿರುವ ಎರಡು ಎಂಜಿನ್ ಒಟ್ಟಿಗೇ ಹೊರಡುತ್ತವೆ, ಒಟ್ಟಿಗೇ ನಿಲ್ಲುತ್ತವೆ. ಬ್ಯಾಂಕರನ್ನು ಮೆಲ್ಲಗೆ ತಂದು ನಿಂತಿರುವ ಗಾಡಿಯ ಹಿಂದೆ ಹಚ್ಚಬೇಕು, ಮೇಲೆ ಹತ್ತಿದ ಮೇಲೆ ಬಿಡಿಸಿ ಒಂಟಿಯಾಗಿ ಕೆಳಗಿಳಿಸಬೇಕು ಅಂದರೆ ಡಿಸಿಸಿ (ಡಿಜಿಟಲ್ ಕಮಾಂಡ್ ಕಂಟ್ರೋಲ್) ಪದ್ಧತಿ ಬೇಕೇ ಬೇಕು. ಅದರಲ್ಲಿ ಪ್ರತಿ ಎಂಜಿನ್ನಿಗೂ ಬೇರೆ ನಂಬರು. ತನ್ನ ನಂಬರಿಗೆ ಬಂದ ಆದೇಶವನ್ನು ಮಾತ್ರ ಒಳಗಿನ ಡಿಕೋಡರ್ ಓದಿ ಮೋಟರನ್ನು ಓಡಿಸುತ್ತದೆ. ಡಿಕೋಡರ್ ಇಲ್ಲ ಅಂದರೆ ನನ್ನ ಲೇಔಟೇ ಇಲ್ಲ.

ಅದಕ್ಕೇ ನಿಮ್ಮನ್ನು ನೇರವಾಗಿ ಕೇಳಿದ್ದೆ: ಎಂಜಿನ್ ಒಳಗೆ ಡಿಕೋಡರ್ ಕೂರಿಸಿದೆಯಾ? "ಇದೆ ಸರ್, ಹಳಿ ಮೇಲಿಟ್ಟು ಓಡಿಸೋದಷ್ಟೇ" ಅಂತ ಬರೆದಿರಿ. ಆ ಸಂದೇಶ ಈಗಲೂ ನನ್ನ ಫೋನಿನಲ್ಲಿದೆ, ಪ್ರತಿ ಲಗತ್ತಿಸಿದ್ದೇನೆ.

ಪೆಟ್ಟಿಗೆ ಬಿಚ್ಚಿದಾಗ ಮೊದಲು ಕಣ್ಣಿಗೆ ಬಿದ್ದಿದ್ದು ಕಂಟ್ರೋಲರಿನ ಅಡಾಪ್ಟರ್. ಅದರ ಚೀಟಿಯ ಮೇಲೆ 120 ವೋಲ್ಟ್, 60 ಹರ್ಟ್ಜ್ ಅಂತ ಮಾತ್ರ ಇದೆ. ಅದು ಅಮೆರಿಕಕ್ಕೆ ಮಾಡಿದ್ದು. ನಮ್ಮ ಮನೆಗಳಲ್ಲಿ ಬರುವುದು 230 ವೋಲ್ಟ್. ಜೊತೆಗೆ ನೀವು ಪಿನ್ ಬದಲಿಸುವ ಪ್ಲಗ್ಗನ್ನೂ ಇಟ್ಟಿದ್ದಿರಿ! ಆ ಪ್ಲಗ್ ಪಿನ್ನಿನ ಆಕಾರವನ್ನು ಬದಲಿಸುತ್ತದೆ, ವೋಲ್ಟೇಜನ್ನಲ್ಲ. ಚೀಟಿ ಓದದೆ ಯಾರಾದರೂ ಗೋಡೆಗೆ ಚುಚ್ಚಿದ್ದರೆ? ಇದು ಮಕ್ಕಳು ಕೈಹಾಕುವ ಸಾಮಾನು. ಇದೇ ಸೆಟ್ಟನ್ನು ಬೇರೆಯವರಿಗೂ ಮಾರಿದ್ದರೆ ದಯವಿಟ್ಟು ಇವತ್ತೇ ಅವರಿಗೆ ಫೋನ್ ಮಾಡಿ ಹೇಳಿ.

ಅಡಾಪ್ಟರ್ ಬಳಸುವ ಹಾಗಿಲ್ಲವಲ್ಲ, ಎಂಜಿನ್‌ಗಳನ್ನು ಠಾಣೆಯಲ್ಲಿರುವ ಗೆಳೆಯರ ಡಿಸಿಸಿ ಲೇಔಟಿಗೆ ಒಯ್ದೆ. ಹಳಿ ಮೇಲಿಟ್ಟ ತಕ್ಷಣ ಗುಂಯ್ ಅಂತ ಸದ್ದು, ಚಕ್ರ ಅಲುಗಲಿಲ್ಲ. ಕೂಡಲೇ ಎತ್ತಿದೆವು, ಯಾಕೆಂದರೆ ಹಾಗೇ ಬಿಟ್ಟರೆ ಮೋಟರ್ ಕಾದು ಸುಡಬಹುದು. ಕಂಪನಿಯ ಕೈಪಿಡಿಯಲ್ಲಿ ತೋರಿಸಿದ ಹಾಗೆ ಅಡಿಯ ಸ್ಕ್ರೂ ತೆಗೆದು ಮೇಲಿನ ಹೊದಿಕೆ ಎತ್ತಿದರೆ, ಒಳಗೆ ಎಂಟು ತೂತಿನ ಸಾಕೆಟ್. ಡಿಕೋಡರ್ ಕೂರಬೇಕಾದ ಆ ಜಾಗದಲ್ಲಿ ಉಗುರಿನಷ್ಟು ಅಗಲದ ಖಾಲಿ ತುಂಡು, ಒಂದು ಚಿಪ್ಪೂ ಇಲ್ಲ. ಎಂಜಿನ್ ಡಿಸಿ ಮೇಲೆ ಓಡಲಿ ಅಂತ ಫ್ಯಾಕ್ಟರಿಯಲ್ಲಿ ಸಿಕ್ಕಿಸಿ ಕಳಿಸುವ ತುಂಡು ಅದು. ಎರಡನೇ ಎಂಜಿನ್ ಕೂಡ ಹಾಗೇ.

ಈಗ ನಿಮ್ಮ "ಬಿಚ್ಚಿದ್ದೀರಿ" ಮಾತಿಗೆ ಬರುತ್ತೇನೆ. ಡಿಕೋಡರ್ ಹಾಕಲು ಹೊದಿಕೆ ತೆಗೆಯುವುದು ಹೇಗೆ ಅಂತ ತಯಾರಕರೇ ಚಿತ್ರ ಸಮೇತ ಕೈಪಿಡಿಯಲ್ಲಿ ಕೊಟ್ಟಿದ್ದಾರೆ. ಅವರು ಹೇಳಿದಂತೆ ಮಾಡಿದರೆ ಹಾಳು ಮಾಡಿದ ಹಾಗಲ್ಲ, ಅಲ್ವಾ? ಆಮೇಲೆ ನನ್ನ ಹಳೇ ಡಿಸಿ ಕಂಟ್ರೋಲರಿಗೆ ಹಚ್ಚಿದಾಗ ಎರಡೂ ಎಂಜಿನ್ ನೇರ ಹಳಿಯಲ್ಲಿ ಸೊಗಸಾಗಿ ಓಡಿದವು.

ತಿರುವಿನಲ್ಲಿ ಮಾತ್ರ ಹಳಿ ತಪ್ಪಿದವು. ನಮ್ಮ ರೈಲ್ವೆಯ ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸದ್ದು ಅಂತ ಅದಕ್ಕೆ ಹತ್ತಿರದ ಆರು ಆಕ್ಸಲ್ಲಿನ ಅಮೆರಿಕನ್ ಆಲ್ಕೋ ಆರಿಸಿದ್ದೆ. ಅದಕ್ಕೆ ಕಡಿಮೆ ಅಂದರೂ 22 ಇಂಚು ತ್ರಿಜ್ಯದ ತಿರುವು ಬೇಕು ಅಂತ ಕೈಪಿಡಿ ಹೇಳುತ್ತದೆ. ನೀವು ಕಳಿಸಿದ್ದು 18 ಇಂಚಿನದು. "ನಾಲ್ಕು ಅಡಿ ಹಲಗೆಗೆ ಅಷ್ಟೇ ಕೂರೋದು" ಅಂದಿರಿ. 22 ಇಂಚಿನ ತಿರುವಿಗೆ ವ್ಯಾಸ 44 ಇಂಚು, ಹಲಗೆ 48. ಆಚೆ ಈಚೆ ಎರಡೆರಡು ಇಂಚು ಉಳಿಯುತ್ತದೆ, ಧಾರಾಳ ಸಾಕು.

ನೇರ ಹಳಿ ಮಾತ್ರ ನಾನು ಕೇಳಿದ ನಿಕಲ್ ಸಿಲ್ವರಿನದೇ ಬಂದಿದೆ, ಅದರ ಬಗ್ಗೆ ತಕರಾರಿಲ್ಲ.

ನನಗೆ ಬೇಕಾದದ್ದು ಇಷ್ಟು. ಎರಡೂ ಎಂಜಿನ್ನಿಗೆ ಡಿಕೋಡರ್ ಹಾಕಿಸಿ ಕೊಡಿ, ಇಲ್ಲವೇ ಎಂಜಿನ್ ವಾಪಸ್ ತಗೊಂಡು ಪೂರ್ತಿ ದುಡ್ಡು ಕೊಡಿ. 18 ಇಂಚಿನ ಹಳಿ ತಗೊಂಡು 22 ಇಂಚಿನದು ಕೊಡಿ, ದರದ ವ್ಯತ್ಯಾಸ ನಾನು ಕಟ್ಟುತ್ತೇನೆ. ಕಂಟ್ರೋಲರಿಗೆ ಒಪ್ಪುವ 230 ವೋಲ್ಟಿನ ಅಡಾಪ್ಟರ್ ಕೊಡಿ. ಕೊರಿಯರ್ ಖರ್ಚು ನಿಮ್ಮದೇ.

2020ರ ಗ್ರಾಹಕ ರಕ್ಷಣೆ ಇ-ಕಾಮರ್ಸ್ ನಿಯಮಗಳ ಪ್ರಕಾರ, ಒಪ್ಪಿದ ಗುಣ ಇಲ್ಲದ ಸಾಮಾನನ್ನು ಆನ್‌ಲೈನ್ ಮಾರಾಟಗಾರರು ವಾಪಸ್ ತಗೊಳ್ಳಲ್ಲ ಅನ್ನುವ ಹಾಗಿಲ್ಲ. ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ, ಅಲ್ಲಿಂದ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಬಿಲ್ಲು, ಸಂದೇಶಗಳ ಪ್ರತಿ, ಅಡಾಪ್ಟರ್ ಚೀಟಿಯ ಮತ್ತು ಡಿಕೋಡರ್ ಇಲ್ಲದ ಸಾಕೆಟ್ಟಿನ ಫೋಟೋ ಜೊತೆಗಿವೆ.

ಸಾಮಾನೆಲ್ಲ ಮೊದಲಿನ ಪೆಟ್ಟಿಗೆಯಲ್ಲೇ ಕಟ್ಟಿಟ್ಟಿದ್ದೇನೆ. ಯಾವಾಗ ಒಯ್ಯಲು ಬರುತ್ತೀರಿ ಅಂತ ತಿಳಿಸಿ.

ಇತಿ,
ನಿಮ್ಮ ಗ್ರಾಹಕ
ಡೊಂಬಿವಲಿ, ಠಾಣೆ ಜಿಲ್ಲೆ