ಗೆಳೆಯನಿಗೊಂದು ಪತ್ರ: ಬೆರಳು ತೋರಿಸಿದ ಜಾಗಕ್ಕಿಂತ ಸ್ವಲ್ಪ ಹಿಂದೆ ನೋಡು

ಪ್ರಿಯ ಗೆಳೆಯಾ,

ಮುಂಬೈಯ ಮಾಟುಂಗದಲ್ಲಿ ನಿಮ್ಮ ಹಾಡಿನ ವಿಡಿಯೋ ನೋಡಿದವರು ಬರೆದುಕೊಟ್ಟ 30 ಚೀಟಿಗಳನ್ನೂ ಓದಿದೆ. ಬರೀ "ತುಂಬಾ ಚೆನ್ನಾಗಿದೆ" ಅಂತ ಇರೋವನ್ನು ಕಟ್ಟಿ ಪಕ್ಕಕ್ಕಿಡು. ಅವು ನಿಮ್ಮ ಮೇಲಿನ ಪ್ರೀತಿಗೆ ಬಂದವು, ಕೆಲಸಕ್ಕೆ ಬರೋದು ಉಳಿದವು.

ನಾಲ್ಕು ಜನ "ತುಟಿ ಮೊದಲು ಆಡುತ್ತೆ, ಹಾಡು ಆಮೇಲೆ ಬರುತ್ತೆ" ಅಂದಿದ್ದಾರೆ. ಇದನ್ನು ಓದಿದ ಕೂಡಲೇ ಎಡಿಟಿಂಗ್ ತೆರೆದು ಹಾಡು ಮುಂಚೆ ಬರೋ ಹಾಗೆ ಎಳೆಯೋಕೆ ಹೋಗಬೇಡ. ಅವತ್ತು ಚಿತ್ರ ಪ್ರೊಜೆಕ್ಟರಿಗೆ ವೈರಿನಲ್ಲಿ ಹೋಯಿತು, ಸದ್ದು ಬ್ಲೂಟೂತ್ ಸ್ಪೀಕರಿಗೆ ಹೋಯಿತು. ಬ್ಲೂಟೂತಿನಲ್ಲಿ ಸದ್ದು 150ರಿಂದ 200 ಮಿಲಿಸೆಕೆಂಡ್ ತಡವಾಗೋದು ಮಾಮೂಲು. ಸೆಕೆಂಡಿಗೆ 25 ಫ್ರೇಮಿನ (ಬಿಡಿ ಚಿತ್ರದ) ವಿಡಿಯೋದಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್, ಹಾಗಾಗಿ ನಾಲ್ಕೈದು ಫ್ರೇಮಿನ ವ್ಯತ್ಯಾಸ. ಸುಮಾರು 125 ಮಿಲಿಸೆಕೆಂಡ್ ದಾಟಿದ ತಡ ನೋಡುವವರಿಗೆ ಗೊತ್ತಾಗುತ್ತೆ. ಅದೇ ಸದ್ದು ಚಿತ್ರಕ್ಕಿಂತ ಮುಂಚೆ ಬಂದರೆ 45 ಮಿಲಿಸೆಕೆಂಡಿಗೇ ಗೊತ್ತಾಗಿಬಿಡುತ್ತೆ. ಮಹಾಲಕ್ಷ್ಮಿ ಸೇತುವೆ ಮೇಲಿಂದ ಧೋಬಿಘಾಟ್ ನೋಡು: ಬಟ್ಟೆ ಕಲ್ಲಿಗೆ ಬಿದ್ದಾದ ಮೇಲೆ ಸದ್ದು ಬರುತ್ತೆ, ನಮ್ಮ ಕಣ್ಣು ಕಿವಿ ಅದಕ್ಕೆ ಒಗ್ಗಿಹೋಗಿವೆ. ಸದ್ದು ಮುಂಚೆ ಬರೋದನ್ನು ಮಾತ್ರ ಲೋಕದಲ್ಲಿ ಯಾರೂ ನೋಡಿಲ್ಲ. ಈಗ ನೀನು ಹಾಡು ನಾಲ್ಕು ಫ್ರೇಮ್ ಮುಂಚೆ ಬರೋ ಹಾಗೆ ಎಳೆದರೆ ಆ ಸಭಾಂಗಣಕ್ಕೆ ಸರಿಹೋಗುತ್ತೆ, ಆದರೆ ಫೋನಿನಲ್ಲಿ ನೋಡುವ ಪ್ರತಿಯೊಬ್ಬರಿಗೂ ಕೆಡುತ್ತೆ.

ಒಬ್ಬರು ಮಾತ್ರ ಬೇರೆ ಥರ ಬರೆದಿದ್ದಾರೆ: "ಕಿಟಕಿ ಹತ್ತಿರ ಹಾಡೋ ಉದ್ದನೆಯ ಶಾಟಿನಲ್ಲಿ ಶುರುವಿನಲ್ಲಿ ಸರಿಯಿತ್ತು, ಕೊನೆಗೆ ತಪ್ಪಿತು." ಈ ಚೀಟಿ ಬಂಗಾರ. ಮೊದಲಿಂದ ಕೊನೆವರೆಗೆ ಒಂದೇ ಸಮ ತಡವಾದರೆ ದೋಷ ಸ್ಪೀಕರಿನದು. ಹೋಗ್ತಾ ಹೋಗ್ತಾ ಹೆಚ್ಚಾದರೆ ದೋಷ ಫೈಲಿನದು. ಫೋನಿನ ಕ್ಯಾಮೆರಾ ಫ್ರೇಮ್ ರೇಟನ್ನು, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋದನ್ನು, ಒಂದೇ ಸಮ ಇಡೋದಿಲ್ಲ, ಬೆಳಕು ಕಡಿಮೆಯಾದಾಗಂತೂ ಏರಿಳಿತ ಜಾಸ್ತಿ, ಹಾಗಾಗಿ ಚಿತ್ರ ಸದ್ದಿನಿಂದ ಜಾರುತ್ತಾ ಹೋಗುತ್ತೆ. ಆ ಶಾಟನ್ನು ವಿಡಿಯೋ ಫೈಲ್ ಬದಲಿಸೋ ಸಾಫ್ಟ್‌ವೇರಾದ ಹ್ಯಾಂಡ್‌ಬ್ರೇಕ್‌ನಲ್ಲಿ ಹಾಕಿ, ಕಾನ್‌ಸ್ಟಂಟ್ ಫ್ರೇಮ್ ರೇಟ್ (ಒಂದೇ ಸಮನಾದದ್ದು) ಆರಿಸಿ ಹೊಸ ಫೈಲ್ ಮಾಡಿಕೊಂಡು, ಆಮೇಲೆ ಟೈಮ್‌ಲೈನಿಗೆ ತಾ.

ಇನ್ನು ಎರಡನೇ ಚರಣ. ಆರು ಜನ "ಎಳೆದ ಹಾಗಿದೆ" ಅಂದಿದ್ದಾರೆ, ಅದರಲ್ಲಿ ಇಬ್ಬರು "ಕತ್ತರಿಸಿ" ಅಂದಿದ್ದಾರೆ. ನೋವು ಎಲ್ಲಿದೆ ಅಂತ ನೋಡುವವರು ಹೇಳಿದ್ದನ್ನು ನಂಬು. ಮದ್ದು ಏನು ಅಂತ ಹೇಳಿದ್ದನ್ನು ಅಷ್ಟಾಗಿ ನಂಬಬೇಡ. ಹಾಡನ್ನು ಕತ್ತರಿಸೋಕಾಗಲ್ಲ, ಕತ್ತರಿಸೋ ಅಗತ್ಯವೂ ಇಲ್ಲ. ಮೊದಲ ಚರಣದಲ್ಲೇ ಮರೀನ್ ಡ್ರೈವ್, ಲೋಕಲ್ ಟ್ರೈನು, ದಾದರಿನ ಹೂವಿನ ಮಾರ್ಕೆಟ್ ಎಲ್ಲವನ್ನೂ ಎರಡೆರಡು ಸೆಕೆಂಡಿನ ಶಾಟಿನಲ್ಲಿ ಸುರಿದುಬಿಟ್ಟಿದ್ದೀರಿ. ಎರಡನೆಯದಕ್ಕೆ ಬರುವಾಗ ಕೈಯಲ್ಲಿ ಹೊಸದು ಏನೂ ಉಳಿದಿಲ್ಲ. ಮೊದಲ ಚರಣವನ್ನು ಕೋಣೆ ಮತ್ತು ಕಿಟಕಿಗೆ ಬಿಟ್ಟುಕೊಡಿ. ಪಲ್ಲವಿ ಮರಳಿದಾಗ ಬಾಗಿಲು ತೆರೆಯಲಿ. ಹೂವಿನ ಮಾರ್ಕೆಟ್ಟನ್ನು ಎರಡನೇ ಚರಣಕ್ಕೆ ಇಟ್ಟುಕೊಂಡು, ಚೆಂಡುಹೂವಿನ ರಾಶಿಗೆ ನೀರು ಚಿಮುಕಿಸೋ ಆ ಕೈಯನ್ನು ಐದಾರು ಸೆಕೆಂಡ್ ಹಾಗೇ ಬಿಡಿ. ಆ ಶಾಟು ಅಷ್ಟು ಚೆಂದ ಇದೆ, ಎರಡು ಸೆಕೆಂಡಿಗೆ ಕಡಿದದ್ದು ನೋಡಿ ಹೊಟ್ಟೆ ಉರಿಯಿತು.

ಪರದೆಯ ಮೇಲಿನ ಸಾಹಿತ್ಯದಲ್ಲಿ ಒತ್ತಕ್ಷರ ಒಡೆದಿದೆ, "ಪ್ರೀತಿ" ಹೋಗಿ "ಪ್‌ರೀತಿ" ಆಗಿದೆ. ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನ ಸೆಟ್ಟಿಂಗಿನಲ್ಲಿ ಅಕ್ಷರ ಜೋಡಿಸೋ ಟೆಕ್ಸ್ಟ್ ಎಂಜಿನ್ನನ್ನು ಸೌತ್ ಏಷ್ಯನ್‌ಗೆ ಬದಲಿಸಿ, ನೋಟೊ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟಿನಲ್ಲಿ ಹೊಸದಾಗಿ ಟೈಪ್ ಮಾಡು. ಇನ್ನೊಂದು, ಮುಂಬೈಯಲ್ಲಿ ಹುಟ್ಟಿ ಬೆಳೆದ ನಮ್ಮ ಎಷ್ಟೋ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಆದರೆ ಲಿಪಿ ಓದೋಕೆ ಬರಲ್ಲ. "ಕೆಳಗಿನ ಸಾಲು ದೇವನಾಗರಿಯಲ್ಲೂ ಇದ್ದಿದ್ದರೆ ಜೊತೆಗೆ ಹಾಡುತ್ತಿದ್ದೆ" ಅಂತ ಬರೆದ ಹುಡುಗಿಯ ಮಾತು ಕೇಳು. ಎರಡೇ ಸಾಲು: ಮೇಲೆ ಕನ್ನಡ, ಕೆಳಗೆ ದೇವನಾಗರಿ.

ಮುಂದಿನ ಸಲ ಇದನ್ನು ನೋಡಿಯೇ ಇಲ್ಲದ ಎಂಟು-ಹತ್ತು ಜನ ಸಾಕು. ಶುರುವಿಗೆ ಮುನ್ನ "ಇದರ ಥೀಮ್ ಏನಂದರೆ" ಅಂತ ಹೇಳಲೇಬೇಡ. ಹೇಳಿಬಿಟ್ಟರೆ ಅವರಿಗೆ ಅರ್ಥವಾಗಿದ್ದು ವಿಡಿಯೋದಿಂದಲೋ ನಿನ್ನ ಮಾತಿನಿಂದಲೋ ಗೊತ್ತಾಗಲ್ಲ. ನೀನು ಪಕ್ಕದ ಗೋಡೆಗೆ ಕೂತು ಪರದೆ ಬಿಟ್ಟು ಮುಖಗಳನ್ನು ನೋಡು. ಯಾರಾದರೂ ಫೋನ್ ಮುಟ್ಟಿದರೆ, ಆ ಕ್ಷಣದ ನಿಮಿಷ-ಸೆಕೆಂಡ್ ಬರೆದುಕೋ. ಆಮೇಲೆ ಆ ಜಾಗಕ್ಕಿಂತ 10-15 ಸೆಕೆಂಡ್ ಹಿಂದಿನಿಂದ ಹಾಕಿ ನೋಡು, ಗಮನ ಜಾರಿದ್ದು ಸಾಮಾನ್ಯವಾಗಿ ಅಲ್ಲೇ ಎಲ್ಲೋ. ಚೀಟಿಯಲ್ಲಿ "ಹೇಗಿತ್ತು?" ಬೇಡ. "ಏನಾಯಿತು ಅಂತ ಎರಡು ಸಾಲಿನಲ್ಲಿ ಹೇಳಿ", "ಎಲ್ಲಿ ಬೇರೆ ಯೋಚನೆ ಬಂತು?" ಇವೆರಡೇ ಕೇಳು. ಅವರು ಹೇಳುವಾಗ ಸಮಜಾಯಿಷಿ ಕೊಡಬೇಡ. ನೀನು ಬಾಯಿ ತೆರೆದ ತಕ್ಷಣ ಅವರು ನಿಜ ಹೇಳೋದು ನಿಲ್ಲಿಸುತ್ತಾರೆ.

ಬ್ಲೂಟೂತ್ ಸ್ಪೀಕರ್ ಮನೆಯಲ್ಲೇ ಇರಲಿ. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಲ್ಯಾಮಿಂಗ್ಟನ್ ರೋಡಿನಲ್ಲಿ 3.5 ಮಿಲಿಮೀಟರ್ ಜ್ಯಾಕಿನ 5 ಮೀಟರ್ ವೈರ್ ಒಂದು ತಗೊಂಡು ಹೋಗು.

ಇಂತಿ ನಿನ್ನ ಗೆಳೆಯ